ಬಾವಿಗೆ ಹಾರಿದ ಅತ್ತೆ

ವಾಡಿಯ ಸುತ್ತ ನೀರು ಬೇಕಾದಷ್ಟಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ಬಿಸಿಲಿಗೂ ಸಿಮೆಂಟಿನ ಧೂಳಿಗೂ ಹೆಸರಾದ ಊರು ಇದು. ಆದರೆ ಊರು ದಾಟಿ ರಾವೂರ ಕಡೆ ಹೊರಟರೆ ದಾರಿಯ ಎರಡೂ ಬದಿಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಖಣಿಗಳು ಸಿಗುತ್ತವೆ. ಮಳೆಗಾಲದಲ್ಲಿ ತುಂಬಿದ ನೀರು ಅವುಗಳಲ್ಲಿ ಬೇಸಿಗೆಯವರೆಗೂ ಹಸಿರಾಗಿ ನಿಂತಿರುತ್ತದೆ. ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ನಡುನೀರಿನಲ್ಲಿ ಗಂಡಸರು ಈಜುತ್ತಾರೆ. ಮದುವೆಯಾಗಿ ಬಂದಂದಿನಿಂದ ನಾನು ಅದೇ ದಾರಿಯಲ್ಲಿ ಶಾಲೆಗೆ ಪಾಠ ಮಾಡಲು ಹೋಗಿ ಬರುತ್ತಿದ್ದೇನೆ. ಆ ಏರ್ಪಾಟಿನಲ್ಲಿ ವಿಚಿತ್ರವೇನಾದರೂ ಇದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ರಜೆ ಹತ್ತಿರ ಬಂದಾಗ, ನನ್ನ ತರಗತಿಯ ಒಬ್ಬ ಹುಡುಗಿಯ ಅಕ್ಕ ಖಣಿಯಲ್ಲಿ ಮುಳುಗಿ ತೀರಿಕೊಂಡಳು. ಕೌದಿ ಒಗೆಯಲು ಹೋಗಿದ್ದಳು. ಹಳೆ ಬಟ್ಟೆ ಹೊಲಿದು ಮಾಡಿದ ಕೌದಿ ನೆನೆದರೆ ಹೆಣದ ಭಾರ. ಅದನ್ನು ಎಳೆಯುವಾಗ ಪಾಚಿಯ ಮೇಲೆ ಕಾಲು ಜಾರಿತಂತೆ. ಪಕ್ಕದಲ್ಲೇ ಇನ್ನೂ ಕೆಲವು ಹೆಂಗಸರು ಒಗೆಯುತ್ತ ಕೂತಿದ್ದರು. ಒಬ್ಬರಿಗೂ ಈಜು ಬಾರದು. ಒಬ್ಬಾಕೆ ಉಟ್ಟ ಸೀರೆಯನ್ನೇ ಬಿಚ್ಚಿ ಒಂದು ತುದಿ ಎಸೆದಳಂತೆ. ಅದು ಮುಳುಗುತ್ತಿದ್ದವಳ ಕೈಗೆ ನಿಲುಕಲಿಲ್ಲ. ಗಂಡಸರು ಓಡಿಬರುವ ಹೊತ್ತಿಗೆ ನೀರು ಸುಮ್ಮನಾಗಿತ್ತು.

ಮಣ್ಣಿಗೆ ನಾನೂ ಹೋಗಿದ್ದೆ. ಅಂಗಳದಲ್ಲಿ ಕೂತ ಹಿರಿಯರೊಬ್ಬರು, "ದಂಡೀಗೆ ಕುಂತು ಒಗೀಬೇಕಿತ್ತು. ಒಳಗ್ಯಾಕ ಇಳೀಬೇಕಿತ್ತು?" ಅಂದರು. ಸುತ್ತಲಿದ್ದವರು ತಲೆ ಅಲ್ಲಾಡಿಸಿದರು. ಸತ್ತವಳದೇ ತಪ್ಪು ಎಂದು ತೀರ್ಮಾನವಾದ ಮೇಲೆ ಚಹಾ ಬಂತು.

ಅವತ್ತು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಮಾವ ನನ್ನ ಗಂಡನಿಗೆ ಹೇಳಿದರು: "ಈ ಸೂಟಿಯಾಗ ಹುಡುಗನಿಗೆ ಈಸು ಕಲಸಬೇಕು ನೋಡು. ಸುತ್ತೂ ಖಣಿ ಅವ. ಯಾವಾಗ ಏನು ಬರ್ತದೋ ಯಾರಿಗೊತ್ತು."

ಮಾವ ಸರಕಾರಿ ನೌಕರಿಯಿಂದ ನಿವೃತ್ತರಾದವರು. ಮನೆಯಲ್ಲಿ ಯಾವ ಮಾತನ್ನೂ ಅವರು ಎರಡನೇ ಸಲ ಹೇಳಬೇಕಾಗಿ ಬರುವುದಿಲ್ಲ. ರಾವೂರಿನಲ್ಲಿ ಪರಿಚಯದವರ ಹೊಲವಿತ್ತು, ಅಲ್ಲಿ ಮೆಟ್ಟಿಲಿರುವ ಬಾವಿಯಿತ್ತು, ಕಲಿಸುವವರಿದ್ದರು. ನನ್ನ ಮಗನಿಗೆ ಈಜು ಎಂದು ಅನ್ನ ಕಲಸುವಷ್ಟರಲ್ಲಿ ನಿಶ್ಚಯವಾಯಿತು.

ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ತಟ್ಟೆಯಿಂದ ತಲೆ ಎತ್ತಿ ಕೇಳಿದಳು: "ಮುತ್ತ್ಯಾ, ಮುಳುಗಿದಾಕಿ ಹುಡುಗಿ ಅಲ್ಲೇನು? ಮತ್ತ ಅಣ್ಣಗ್ಯಾಕ ಕಲಸ್ತೀರಿ?"

ಮಾವ ನಕ್ಕರು. ಸಿಟ್ಟೇನೂ ಇರಲಿಲ್ಲ ಅವರಿಗೆ, ಮೊಮ್ಮಗಳೆಂದರೆ ಪ್ರಾಣ. "ನೀ ಖಣಿ ಕಡಿ ಹೋಗಲೇಬ್ಯಾಡ. ಹೋಗಲಿಲ್ಲಂದ್ರ ಮುಳುಗೂ ಮಾತೆಲ್ಲಿ ಬರ್ತದ?"

ಆ ಮಾತಿನಲ್ಲಿ ಎಲ್ಲೂ ಬಿರುಕಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕಾಪಾಡುವ ಎಲ್ಲ ಮಾತುಗಳೂ ಹೀಗೇ ಇರುತ್ತವೆ, ನಯವಾಗಿ, ಗಟ್ಟಿಯಾಗಿ. ಹೋಗಬೇಡ ಎಂಬುದೇ ನಮಗೆ ಕಲಿಸುವ ಈಜು.

ಕೋಣೆಯಲ್ಲಿ ನಾನು ಗಂಡನ ಜೊತೆ ವಾದಕ್ಕಿಳಿದೆ. ಅವರು ಕೆಟ್ಟ ಮನುಷ್ಯರಲ್ಲ. "ಆ ಬಾವ್ಯಾಗ ದೊಡ್ಡ ದೊಡ್ಡ ಹುಡುಗರು ಇರ್ತಾರ. ಈಕಿ ಏನ್ ಹಾಕ್ಕೊಂಡು ಇಳೀತಾಳ? ಯಾರು ಕೈ ಹಿಡಿದು ಕಲಸ್ತಾರ? ನೀನೇ ಹೇಳು," ಅಂದರು. ಮಾರನೆಯ ದಿನ ದೂರದ ಒಂದು ಈಜುಕೊಳಕ್ಕೆ ಫೋನು ಮಾಡಿ ವಿಚಾರಿಸಿದರು ಕೂಡ. ಹೆಂಗಸರಿಗೆ ನಡುಮಧ್ಯಾಹ್ನದ ಹೊತ್ತು ಮಾತ್ರ, ಕಲಿಸಲು ಹೆಂಗಸರಿಲ್ಲ ಎಂಬ ಉತ್ತರ ಬಂತು. "ಕೇಳಿದೆನಲ್ಲ" ಎಂದು ಅವರು ಹಗುರಾದರು. ನಾನು ಹಗುರಾಗಲಿಲ್ಲ. ಆದರೆ ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ನಾ ಕಲಸ್ತೀನಿ" ಅಂದರು.

ಅತ್ತೆಯ ಬಗ್ಗೆ ಇಲ್ಲಿ ಹೇಳಬೇಕು. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ಮಾವ ಎದುರಿಗಿದ್ದರೆ ಕುರ್ಚಿಯ ಮೇಲೆ ಕೂರುವವರಲ್ಲ. ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ಕಂಡಿದ್ದಿಲ್ಲ. ಬೇಕು ಬೇಡ ಎಂದು ಎಂದೂ ಬಾಯಿ ಬಿಟ್ಟವರಲ್ಲ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದೂ, ಅವರಿಗೆ ಯಾವ ಪಲ್ಯ ಇಷ್ಟ ಎಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

"ಏನ್ ಕಲಸ್ತೀರಿ ಅತ್ತಿ?" ಎಂದೆ.

"ಈಸು."

ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ನನ್ನ ಕೈ ಮಾತ್ರ ನಿಂತಿತು. "ನಿಮಗ ಈಸು ಬರ್ತದೇನ್ರಿ?"

"ಬರ್ತಿತ್ತು. ಮರೀತದೇನು ಅದು?" ಅಂದರು. ಆಮೇಲೆ ರೊಟ್ಟಿ ತಿರುವಿ ಹಾಕುತ್ತ ಒಂದೊಂದಾಗಿ ಹೇಳಿದರು. ಚಿಂಚೋಳಿ ಕಡೆಯ ತವರೂರಿನಲ್ಲಿ ಅವರ ಅಪ್ಪನ ಹೊಲದ ಬಾವಿ. ಅಪ್ಪನೇ ಸೊಂಟಕ್ಕೆ ಹಗ್ಗ ಕಟ್ಟಿ ಕಲಿಸಿದ್ದು. ಮನೆಯ ಮಕ್ಕಳಲ್ಲಿ ಇವರೇ ಹಿರಿಯರು. ತಳಕ್ಕೆ ಮುಳುಗಿ ಮಣ್ಣು ತರುವ ಪಂದ್ಯದಲ್ಲಿ ಯಾರೂ ಇವರನ್ನು ಗೆದ್ದಿರಲಿಲ್ಲ. "ದೊಡ್ಡಾಕಿ ಆದೆ. ಅವತ್ತಿಗೇ ಬಾವಿ ಬಂದ್ ಆಯ್ತು. ಅವ್ವ ನನ್ನ ಲಂಗ ಒಣಗಿಸಿ ಮಡಚಿ ಇಟ್ಟಳು. ಮುಂದ ಲಗ್ನ ಆಯ್ತು."

"ಮಾವಗ ಗೊತ್ತದೇನ್ರಿ?"

ಅತ್ತೆ ಹೆಂಚಿನ ಮೇಲಿಂದ ಕಣ್ಣೆತ್ತಿದರು. "ಯಾರು ಕೇಳ್ಯಾರ?"

ರಜೆ ಶುರುವಾದ ಕೂಡಲೇ ಅತ್ತೆ ತವರೂರಿನಲ್ಲಿದ್ದ ತಮ್ಮನ ಮನೆಗೆ ಹೋಗಬೇಕೆಂದು ಮಾವನ ಎದುರು ಕೇಳಿದರು. ಎಂದೂ ಕೇಳದವರು ಕೇಳಿದ್ದಕ್ಕೋ ಏನೋ, ಮಾವ ತಕ್ಷಣ ಒಪ್ಪಿದರು. ನಾನು, ಮಗಳು, ಅತ್ತೆ ಬಸ್ಸು ಹತ್ತಿದೆವು. ಚಿತ್ತಾಪುರ, ಸೇಡಂ ದಾಟಿ, ಚಂದಾಪುರದಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಹಳ್ಳಿಗೆ. ಸೇಡಂ ದಾಟಿದ ಮೇಲೆ ಕಿಟಕಿಯಲ್ಲಿ ಕಪ್ಪು ಹೊಲ ಸರಿದು ಕೆಂಪು ಮಣ್ಣು, ಗುಡ್ಡ, ಕಾಡು ಬರತೊಡಗಿತು. ಅತ್ತೆ ಎದುರು ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನಸ್ಸಿನಲ್ಲಿದ್ದುದು ಒಂದೇ: ಈ ವಯಸ್ಸಿನಲ್ಲಿ ಇವರು ಮೆಟ್ಟಿಲ ಮೇಲೆ ನಿಂತು ಬಾಯಲ್ಲಿ ಹೇಳಿಕೊಡುತ್ತಾರೆ, ಅಷ್ಟೇ.

ಅವರ ತಮ್ಮನೂ ಹಾಗೆಯೇ ಅಂದುಕೊಂಡಿದ್ದರು. ಮಾರನೆಯ ದಿನ ಬೆಳಿಗ್ಗೆ ಹಗ್ಗ ಹೆಗಲಿಗೆ ಹಾಕಿಕೊಂಡು ನಮ್ಮ ಜೊತೆ ಬಾವಿಗೆ ಬಂದರು. "ಅಕ್ಕಾ, ನೀ ಮ್ಯಾಲ ಕುಂತು ನೋಡು. ನಾ ಇಳದು ಹುಡುಗೀಗೆ ಕಲಸ್ತೀನಿ."

"ನಿನಗ ಕಲಿಸಿದಾಕಿ ಯಾರು?" ಎಂದು ಅತ್ತೆ ಕೇಳಿದರು.

ತಮ್ಮ ನಕ್ಕರು, ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದರು. "ಅಕ್ಕಾ, ಮೊಮ್ಮಕ್ಕಳ ಮುದುಕಿ ನೀ. ಸುತ್ತ ಹೊಲದಾಗ ಮಂದಿ ಇರ್ತಾರ. ನೋಡಿದ್ರ ಏನಂದಾರು?"

"ನೋಡ್ಲಿ. ಕಣ್ಣು ಅವರವು, ಬಾವಿ ನಮ್ಮಪ್ಪಂದು. ನೀ ಮನೀಗಿ ನಡಿ."

ಅವರು ಹಗ್ಗವನ್ನು ಬೇವಿನ ಬುಡಕ್ಕೆ ಎಸೆದು, ಗೊಣಗುತ್ತ ಹೊರಟರು. ಮನೆ ಬಹಳ ದೂರವಿರಲಿಲ್ಲ, ಆದರೂ ಅವರು ತಿರುಗಿ ತಿರುಗಿ ನೋಡುತ್ತ ಹೋದದ್ದರಿಂದ ಬೇಗ ತಲುಪುವಂತೆ ಕಾಣಲಿಲ್ಲ.

ದೊಡ್ಡ ಚೌಕದ ಬಾವಿ ಅದು. ಒಂದು ಬದಿ ಮೆಟ್ಟಿಲು. ಎದುರು ಬದಿ, ಹಿಂದೆ ಎತ್ತು ಕಟ್ಟಿ ನೀರು ಎಳೆಯುತ್ತಿದ್ದ ಕಾಲದ ಎರಡು ಕಲ್ಲು ನೀರಿನ ಮೇಲೆ ಚಾಚಿಕೊಂಡಿದ್ದವು. ಆ ಬೇಸಿಗೆಯಲ್ಲೂ ನೀರು ಕಪ್ಪಗೆ, ಆಳವಾಗಿ ನಿಂತಿತ್ತು. ಅತ್ತೆ ಚಷ್ಮಾ ತೆಗೆದು ನನ್ನ ಕೈಗೆ ಕೊಟ್ಟರು. ತಲೆಯ ಮೇಲಿನ ಸೆರಗು ಇಳಿಸಿ ಸೊಂಟಕ್ಕೆ ಸುತ್ತಿ ಬಿಗಿದರು. ಸೀರೆಯನ್ನು ಕಚ್ಚೆ ಹಾಕಿ ಉಟ್ಟರು. ಅವರ ಪೂರ್ತಿ ತಲೆಯನ್ನು ಹಗಲು ಬೆಳಕಿನಲ್ಲಿ ನಾನು ಕಂಡದ್ದು ಅದೇ ಮೊದಲು. ಮೆಟ್ಟಿಲ ಕಡೆ ಹೋಗುತ್ತಾರೆಂದು ನಾನು ಕೈ ಹಿಡಿಯಲು ಮುಂದಾದೆ. ಅವರು ಆ ಕಡೆ ಹೋಗಲೇ ಇಲ್ಲ. ಚಾಚಿದ ಕಲ್ಲಿನ ತುದಿಗೆ ನಡೆದು, ಎರಡು ಬೆರಳಲ್ಲಿ ಮೂಗು ಹಿಡಿದು, ಹಾರಿಬಿಟ್ಟರು.

ನೀರು ದೊಡ್ಡದಾಗಿ ಬಾಯಿ ತೆರೆದು ಮುಚ್ಚಿಕೊಂಡಿತು. ಅಲೆಗಳು ಗೋಡೆಗೆ ಬಡಿದವು, ಸಣ್ಣವಾದವು. ಅತ್ತೆ ಮೇಲೆ ಬರಲಿಲ್ಲ. ಮಗಳು ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ನನಗೂ ಈಜು ಬಾರದು, ಖಣಿಯ ದಂಡೆಯಲ್ಲಿ ಸೀರೆ ಎಸೆದ ಹೆಂಗಸಿನ ಹಾಗೆ ನಾನೂ ನಿಂತೇ ಇರಬೇಕಾಗುತ್ತದೆ ಎಂಬುದು ಆಗ ಹೊಳೆಯಿತು.

ಅಷ್ಟರಲ್ಲಿ ಪಕ್ಕದ ಹೊಲದಿಂದ ಒಂದು ಚೀರಾಟ ಕೇಳಿತು. ಕಟ್ಟಿಗೆ ಆರಿಸುತ್ತಿದ್ದ ಹೆಂಗಸೊಬ್ಬಳು ಇದನ್ನೆಲ್ಲ ಕಂಡಿದ್ದಳು. "ಬರ್ರೋ, ಬರ್ರೋ! ಮುದುಕಿ ಬಾವಿ ಬಿದ್ದಳು!" ಎಂದು ಹೊಯ್ಕೊಳ್ಳುತ್ತ ಓಡಿಬಂದಳು. ಹಿಂದೆಯೇ ಅದೇ ಹೊಲದಿಂದ ನಾಲ್ಕಾರು ಗಂಡಸರು ಬಂದರು. ಎಲ್ಲರ ಹಿಂದೆ, ಚಪ್ಪಲಿಯೂ ಇಲ್ಲದೆ, ಅತ್ತೆಯ ತಮ್ಮ.

ಅವರು ಬಾವಿಯ ಕಟ್ಟೆಗೆ ಬಂದು ಬಗ್ಗುವುದಕ್ಕೂ ದೂರದ ಮೂಲೆಯಲ್ಲಿ ನೀರು ಒಡೆಯುವುದಕ್ಕೂ ಸರಿಹೋಯಿತು. ಮೊದಲು ಒಂದು ಮುಷ್ಟಿ ಮೇಲೆ ಬಂತು. ಆಮೇಲೆ ತಲೆ. ತುರುಬು ಬಿಚ್ಚಿ ಬಿಳಿಗೂದಲು ಹೆಗಲ ಸುತ್ತ ಹರಡಿತ್ತು. ಅತ್ತೆ ಬಾಯಿಯ ನೀರು ಉಗುಳಿ ಮುಷ್ಟಿ ಬಿಚ್ಚಿ ತೋರಿಸಿದರು. ಅಂಗೈ ತುಂಬ ಕರಿ ಕೆಸರು. ತಳದ ಮಣ್ಣು.

"ಅವೇ ಕಲ್ಲು ಅವ ತಮ್ಮಾ ಕೆಳಗ, ಇದ್ದಲ್ಲೇ ಅವ," ಎಂದು ಕೂಗಿ, ಮಣ್ಣು ತೊಳೆದುಕೊಂಡು, ಅಂಗಾತ ಮಲಗಿ ಕಾಲು ಬಡಿಯುತ್ತ ಬಾವಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋದರು. ಅವಸರವಿರಲಿಲ್ಲ, ಏದುಸಿರು ಇರಲಿಲ್ಲ. ನಮ್ಮ ಮನೆಯಲ್ಲಿ ಗೋಡೆ ಹಿಡಿದು ಬಗ್ಗಿ ನಡೆಯುತ್ತಿದ್ದ ಹೆಂಗಸು ನೀರಿನ ಮೇಲೆ ಉದ್ದಕ್ಕೆ ಬಿಚ್ಚಿಕೊಂಡಿದ್ದರು. ನಾನು ನೋಡುತ್ತಲೇ ನಿಂತೆ. ದೇವರ ಗುಡಿಯಲ್ಲೂ ನನಗೆ ಹಾಗೆ ಮೈ ಜುಂ ಅಂದಿದ್ದಿಲ್ಲ. ಇಷ್ಟೊಂದು ಇವರೊಳಗೆ ಎಲ್ಲಿತ್ತು? ಅಷ್ಟು ವರ್ಷ ನಾನು ಯಾರ ಜೊತೆ ರೊಟ್ಟಿ ಬಡಿದೆ?

ಚೀರಿದ ಹೆಂಗಸು ಕಟ್ಟೆಯ ಮೇಲೆ ಕುಸಿದು ಕೂತು ಅಳುತ್ತ ನಗುತ್ತಿದ್ದಳು. "ನಂದೇನು ತಪ್ಪವ್ವಾ? ಹೆಂಗಸು ಬಾವೀಗೆ ಹಾರಿದ್ರ ನಮಗ ಗೊತ್ತಿದ್ದದ್ದು ಒಂದೇ."

ಆ ಒಂದು ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ತವರಿನ ಓಣಿಯಲ್ಲೂ ಹಾಗೆ ಹೋದವರಿದ್ದರು.

ಗಂಡಸರಲ್ಲಿ ಒಬ್ಬ, "ಮುದುಕೀಗೆ ತಲಿ ಕೆಟ್ಟದ" ಅಂದ. ನೀರಿನಿಂದ ಅತ್ತೆಯ ಸ್ವರ ಬಂತು: "ತಲಿ ನೆಟ್ಟಗದ. ಹಗ್ಗ ಇಟ್ಟು ನೀವೆಲ್ಲಾ ನಡೀರಿ. ಹೆಣ್ಣುಮಕ್ಕಳು ಈಸು ಕಲೀಲಿಕತ್ತಾರ." ಮಾವನ ಎದುರು ತಗ್ಗಿದ ದನಿಯಲ್ಲೇ ಮಾತಾಡಿದವರ ಗಂಟಲು ಬಾವಿಯ ನಾಲ್ಕೂ ಗೋಡೆಗೆ ಬಡಿದು ದೊಡ್ಡದಾಗಿ ಕೇಳಿತು. ಗಂಡಸರು ಹೋದರು. ನಿಜವಾಗಿಯೂ ಹೋದರು. ಹಾರಿದ್ದಕ್ಕಿಂತ ಇದೇ ನನಗೆ ಹೆಚ್ಚು ಬೆರಗು ಹುಟ್ಟಿಸಿತು.

ಆ ರಜೆಯಲ್ಲಿ ನನ್ನ ಮಗಳು ಈಜು ಕಲಿತಳು. ಹೊಟ್ಟೆಯ ಕೆಳಗೆ ಅತ್ತೆಯ ಅಂಗೈ ಇರುತ್ತಿತ್ತು. ಅದು ಯಾವಾಗ ಸರಿಯಿತೋ ಅವಳಿಗೆ ತಿಳಿಯಲೇ ಇಲ್ಲ. ಚೀರಿದ ಹೆಂಗಸು ತನ್ನ ಮಗಳನ್ನು ಕರೆತಂದಳು, ಆಮೇಲೆ ಇನ್ನಿಬ್ಬರು ಬಂದರು. ಹುಡುಗಿಯರೆಲ್ಲ ಕಲಿತ ಮೇಲೆ ಅತ್ತೆ ನನ್ನನ್ನು ಮೆಟ್ಟಿಲಿಂದ ಎಳೆದರು. ನಾನು ಅವರ ಕುತ್ತಿಗೆಗೆ ಜೋತುಬಿದ್ದೆ. "ನನ್ನ ಹಿಡೀಬ್ಯಾಡ. ನಿನ್ನ ಭಾರ ನೀರಿಗೆ ಕೊಡು," ಅಂದರು. ಭಾರ ಬಿಡುವುದು ನನಗೆ ಇಷ್ಟು ಕಷ್ಟ ಎಂದು ಅವತ್ತೇ ಗೊತ್ತಾದದ್ದು. ಪಾಠ ಹೇಳುವ ಬಾಯಿ, ಮನೆ ನಡೆಸುವ ಕೈ, ಎಲ್ಲ ಕಲ್ಲಿನಂತೆ ಬಿಗಿದುಕೊಂಡಿದ್ದವು. ಎಷ್ಟೋ ಮುಂಜಾನೆ ಕಳೆದ ಮೇಲೆ ಒಮ್ಮೆ ಕಿವಿಯೊಳಗೆ ನೀರು ತುಂಬಿತು, ಕಣ್ಣ ಮೇಲೆ ಚೌಕ ಆಕಾಶ ನಿಂತಿತು, ನಾನು ತೇಲುತ್ತಿದ್ದೆ.

ಊರಲ್ಲಿ ಮಾತು ಹುಟ್ಟದೆ ಇರಲಿಲ್ಲ. ಒಂದು ಸಂಜೆ ನೆರೆಯ ಹಿರಿಯರೊಬ್ಬರು ಅತ್ತೆಯ ತಮ್ಮನ ಕಟ್ಟೆಗೆ ಬಂದು, ಹೆಂಗಸರು ಇಳಿದ ಬಾವಿ ಮೈಲಿಗೆ, ಯಾವ ದಿನ ಯಾರು ಹೇಗಿರುತ್ತಾರೋ ಅಂದರು. ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು: "ಅದ್ರಾಗ ನೀವು ಎತ್ತಿನ ಮೈ ತೊಳೀತೀರಿ, ಪಂಪಿನ ಎಣ್ಣಿ ತೊಳೀತೀರಿ. ನಮ್ಮಿಂದ ಮೈಲಿಗಿ ಆಯ್ತೇನು?" ಹಿರಿಯರು ಎದ್ದು ಹೋದರು. ಮಾರನೆಯ ದಿನ ನೋಡಿದರೆ ಅತ್ತೆಯ ತಮ್ಮ ಜಾಲಿಮುಳ್ಳು ಕಡಿದು ಬಾವಿಯ ದಾರಿ ಹಸನು ಮಾಡಿದ್ದರು.

ನಾವು ವಾಡಿಗೆ ಮರಳುವ ಮುಂಚೆಯೇ ಸುದ್ದಿ ಫೋನಿನಲ್ಲಿ ತಲುಪಿತ್ತು. ಮಾವ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಚೀಲ ಹಿಡಿದು ಬಾಗಿಲಲ್ಲೇ ನಿಂತೆ.

"ಈಸು ಬರ್ತದಂತಲ್ಲ ನಿನಗ?"

"ಹೂಂ ರೀ."

"ನನಗೆಂದೂ ಹೇಳಿಲ್ಲ."

"ನೀವೆಂದೂ ಕೇಳಿಲ್ರಿ," ಅಂದರು ಅತ್ತೆ, ತಲೆಯ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ.

ಮಾವ ಸಿಟ್ಟಾಗುತ್ತಾರೆಂದು ಕಾದೆ. ಅವರು ಅರ್ಧ ತಮಗೇ ಎಂಬಂತೆ, "ನನಗ ಬರಂಗಿಲ್ಲ" ಅಂದರು.

ಆ ಮಾತನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಗಂಡ ಬೆಪ್ಪಾಗಿ ಅಪ್ಪನ ಮುಖ ನೋಡಿದರು. ಮೊಮ್ಮಗನಿಗೆ ಈಜು ಕಲಿಸಿ ಎಂದು ಅಪ್ಪಣೆ ಕೊಟ್ಟ ಮನುಷ್ಯ ಜೀವನದಲ್ಲಿ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವರಲ್ಲ.

ವಾಡಿಯ ಹುಡುಗಿಯರಿಗೂ ಕಲಿಸುವುದೆಂದು ಅತ್ತೆ ಹೊರಟರು. ನನ್ನ ಮಗ ಆ ರಜೆಯಲ್ಲಿ ಈಜು ಕಲಿತ ರಾವೂರಿನ ಬಾವಿಗೆ ಹೆಣ್ಣುಮಕ್ಕಳನ್ನು ಬಿಡಲು ಹೊಲದ ಯಜಮಾನರು ಮೊದಲು ಒಪ್ಪಲಿಲ್ಲ. ಗಲಾಟೆ ಆಗುತ್ತದೆ, ನಾಳೆ ಹೆಸರು ಕೆಡುತ್ತದೆ ಅಂದರು. ಅವರ ತಾಯಿ, ಹಲ್ಲಿಲ್ಲದ ಮುದುಕಿ, ಅತ್ತೆಯ ಕಥೆ ಕೇಳಿ ತೊಡೆ ತಟ್ಟಿ ನಕ್ಕು, ಮಗನನ್ನು ಒಪ್ಪಿಸಿದರು. ಶಾಲೆಗೆ ರಜೆಯಿರುವ ಆಯಿತವಾರದ ಮುಂಜಾನೆ ನಮ್ಮದಾಯಿತು. ಆ ಹೊತ್ತಿನಲ್ಲಿ ಆ ಮುದುಕಿಯೇ ಕೋಲು ಹಿಡಿದು ದಾರಿಯಲ್ಲಿ ಕೂರುತ್ತಿದ್ದರು. ಮೊದಲ ಕೆಲವು ವಾರ ಹುಡುಗರು ಮೋಟಾರ್ ಸೈಕಲ್ ನಿಲ್ಲಿಸಿ ಹಣಿಕಿ ಹಾಕಲು ನೋಡಿದರು. ಕೋಲಿನ ರುಚಿ ಗೊತ್ತಾದ ಮೇಲೆ ಬಿಟ್ಟರು. ನಮ್ಮ ಪಕ್ಕದ ಮನೆಯ ಮುಸ್ಲಿಂ ಹೆಂಗಸು ಗೋಡೆಯಾಚೆಯಿಂದ ಅತ್ತೆಯನ್ನು ಕರೆದು, "ಅಮ್ಮಾ, ನಮ್ಮ ಹುಡುಗ್ಯಾರನ್ನೂ ಕರ್ಕೊಂಡು ಹೋಗ್ರಿ. ನಮ್ಮನಿಯವರಿಗೆ ನಾ ಹೇಳ್ತೀನಿ" ಅಂದಳು. ಅವಳ ಇಬ್ಬರು ಹೆಣ್ಣುಮಕ್ಕಳು ಸಲ್ವಾರಿನಲ್ಲೇ ನೀರಿಗಿಳಿದರು.

ಎಲ್ಲರೂ ಉಳಿಯಲಿಲ್ಲ. ಆ ಅಕ್ಕತಂಗಿಯರಲ್ಲಿ ದೊಡ್ಡವಳಿಗೆ ಶಹಾಬಾದಿನ ಸಂಬಂಧ ಗಟ್ಟಿಯಾಯಿತು. ಗಂಡಿನ ಕಡೆಯವರು ಬೇಡ ಅಂದರಂತೆ. ಆಮೇಲೆ ತಂಗಿ ಒಬ್ಬಳೇ ಬರತೊಡಗಿದಳು. ಇನ್ನೊಬ್ಬ ಹುಡುಗಿಯ ತಂದೆ ಮೈ ಕಪ್ಪಾಗುತ್ತದೆ ಎಂದು ಬಿಡಿಸಿದರು. ಖಣಿಯ ದಂಡೆಯಲ್ಲಿ ಹೆಂಗಸರು ಈಗಲೂ ಒಗೆಯುತ್ತಾರೆ, ನಡುನೀರಿನಲ್ಲಿ ಈಗಲೂ ಗಂಡಸರೇ. ಆ ದಾರಿಯಲ್ಲಿ ಹೋಗುವಾಗ ನನಗೆ ಈಗ ಕಣ್ಣು ಆ ಕಡೆ ಹೊರಳದೆ ಇರುವುದಿಲ್ಲ.

ಮೊನ್ನೆ ಒಂದು ಸಂಜೆ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ನೋವು ಹೆಚ್ಚಾಗಿ ಈಗವರು ಹಾರುವುದಿಲ್ಲ. ಮೆಟ್ಟಿಲ ಮೇಲೆ ಕೂತು ಕಾಲು ನೀರಿಗಿಟ್ಟು ಹುಡುಗಿಯರನ್ನು ಬೈಯುತ್ತಾರೆ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. "ಅತ್ತಿ, ಅವತ್ತು ನೀರಿನ್ಯಾಗ ಅಷ್ಟೊತ್ತು ಏನ್ ಮಾಡ್ಲಿಕತ್ತಿದ್ರಿ? ನಮ್ಮ ಜೀವ ಹೋಗಿತ್ತು."

ಅತ್ತೆ ಇನ್ನೊಂದು ಕಾಲು ಚಾಚಿದರು. "ಏನೂ ಇಲ್ಲ. ಕೆಳಗ ಸಪ್ಪಳ ಇರಂಗಿಲ್ಲ ನೋಡು. ಯಾರೂ ಕರಿಯಂಗಿಲ್ಲ. ಜರಾ ಕುಂತೆ."

ಪಡಸಾಲೆಯಿಂದ ಮಾವ ಚಹಾ ಎಂದು ಕೂಗಿದರು. ಅತ್ತೆ ನೆಲಕ್ಕೆ ಕೈ ಊರಿ ಏಳಹೋದರು. ನಾನು ಮೊಣಕಾಲ ಮೇಲಿನ ಕೈ ತೆಗೆಯಲಿಲ್ಲ. ಮಗನನ್ನು ಕರೆದು, ಒಲೆ ಹಚ್ಚು ಅಂದೆ.